ತೂಬು ಪೂರ್ತಿ ತೆರೆದ ದಿನ

ಡೆಲ್ಫ್ಟ್
ನವೆಂಬರ್ ೧೪, ಗುರುವಾರ

ಪ್ರೀತಿಯ ಡೌವೆ,

ಎರಡೂ ನಲವತ್ತಕ್ಕೆ ಎಚ್ಚರವಾಯಿತು. ಮೇಲಿನ ಮನೆಯವರು ಸ್ನಾನದ ತೊಟ್ಟಿಯ ಬಿರಡೆ ಕಿತ್ತಿದ್ದರು. ನೀರು ನಮ್ಮ ಗೋಡೆಯೊಳಗಿನ ಕೊಳವೆಯಲ್ಲಿ ಗೊಳಗೊಳ ಎಂದು ಇಳಿದುಹೋಯಿತು. ತೊಟ್ಟಿಲಲ್ಲಿದ್ದ ಯೆಲ್ತೆ ಏಳಲಿಲ್ಲ. ನಾನು ಎದ್ದು ಅಡುಗೆಮನೆಗೆ ಬಂದು ಕೂತಿದ್ದೇನೆ. ನೀನು ಹಡಗು ಹತ್ತಿ ಹದಿನಾರು ದಿನವಾದರೂ ನಾನು ಒಂದು ಸಾಲೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕಕ್ಕೆ ನಿನ್ನ ಪಾಳಿ ಮುಗಿದ ಮೇಲೆ ಕಾಫಿ ಕುಡಿಯುತ್ತ ಮೇಲ್ ನೋಡುತ್ತೀಯಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲ ಕ್ಷೇಮ. ಯೆಲ್ತೆಗೆ ಐದು ತಿಂಗಳು ತುಂಬಿತು. ಏಳು ಕಿಲೋ ಇನ್ನೂರು ಗ್ರಾಂ ಇದ್ದಾನೆ. ಭಾನುವಾರ ನಿನ್ನಮ್ಮ ಬಂದಿದ್ದರು. "ಮಗು ಗುಂಡುಗುಂಡಗಿದೆ. ನೀನೂ ಚೆನ್ನಾಗೇ ಇದ್ದೀಯಲ್ಲ ನಿಂಕೆ, ಸ್ವಲ್ಪ ನಿದ್ದೆ ಕಮ್ಮಿ, ಅಷ್ಟೆ," ಎಂದರು. ಹೌದು ಎಂದೆ.

ಕೆಲಸದ್ದೊಂದು ವಿಷಯ ಹೇಳಬೇಕು. ಪ್ರಯೋಗಾಲಯದ ಗಾಜಿನ ಕಾಲುವೆಯಲ್ಲಿ, ಸಮುದ್ರದಲ್ಲಿ ನಿಲ್ಲಿಸುವ ಗಾಳಿಯಂತ್ರದ ಕಂಬದ ಮಾದರಿ ನಿಲ್ಲಿಸಿದ್ದೇವೆ, ನಿಜವಾದದ್ದರ ನಲವತ್ತರಲ್ಲೊಂದು ಪಾಲು. ಸೆಳವು ಅದರ ಬುಡದ ಮರಳನ್ನು ಎಷ್ಟು ಕೊರೆಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನೀರು ಖಾಲಿ ಮಾಡಿದ ಮೇಲೆ ಗುಂಡಿಗೆ ಅಳತೆಯ ಮುಳ್ಳು ಇಳಿಸಿ ಆಳ ನೋಡುತ್ತೇವೆ. ಖಾಲಿ ಮಾಡುವುದಕ್ಕೆ ಮಾತ್ರ ಗೋವರ್ಟ್‌ನ ಕಟ್ಟಪ್ಪಣೆ ಇದೆ. ಮೂವತ್ತು ವರ್ಷದಿಂದ ಆ ಕಾಲುವೆ ನೋಡಿಕೊಳ್ಳುವವನು ಅವನೇ. "ತೂಬು ಕೂದಲೆಳೆಯಷ್ಟೇ ತೆಗಿ. ಮೊದಲ ಎರಡು ಗಂಟೆ ಪಕ್ಕದಲ್ಲೇ ಕೂತ್ಕೊ. ನೀರು ಹೋಯ್ತು ಅಂತ ಮರಳಿಗೆ ಗೊತ್ತೇ ಆಗಬಾರ್ದು. ಓದಿದೋರಿಗೆ ಯಾವಾಗ್ಲೂ ಅವಸರ!"

ಹೋದ ಮಂಗಳವಾರ ಅವನು ರಜೆಯಲ್ಲಿದ್ದ. ನೀರು ಹರಿಯುತ್ತಿದ್ದಾಗ ಗಾಜಿನಾಚೆಯಿಂದ ಕಂಬದ ಮೇಲಿನ ಗೆರೆಗಳನ್ನು ನೋಡಿದೆ, ಗುಂಡಿ ಹದಿಮೂರು ಸೆಂಟಿಮೀಟರ್ ಇತ್ತು. ನಾಲ್ಕು ಗಂಟೆಗೆ ಶಿಶುವಿಹಾರದಿಂದ ಫೋನ್ ಬಂತು, ಯೆಲ್ತೆಗೆ ಜ್ವರ ಎಂದು. ತೂಬು ಪೂರ್ತಿ ತೆರೆದುಬಿಟ್ಟೆ. ಗೊಳಗೊಳ ಎಂದು ನೀರಿಳಿಯಿತು, ಅಂಚಿನ ಮರಳು ಗುಂಡಿಯೊಳಕ್ಕೆ ಜಾರಿತು. ಮುಳ್ಳು ಒಂಬತ್ತೂವರೆ ತೋರಿಸಿತು. ಅದನ್ನೇ ಬರೆದೆ.

ಮರುದಿನ ಗೋವರ್ಟ್ ಬಗ್ಗಿ ನೋಡಿ, "ಅಂಚು ಯಾಕೋ ಕುಸಿದಂಗಿದೆಯಲ್ಲಮ್ಮ? ನೀರು ರಾತ್ರಿಯೆಲ್ಲ ನಿಧಾನಕ್ಕೆ ಇಳಿಯೋಕೆ ಬಿಟ್ಟಿದ್ದೆ ತಾನೆ?" ಎಂದ.

"ಹೂಂ," ಎಂದೆ. ಅವನು ತನ್ನ ಚೀಸ್ ಬ್ರೆಡ್ಡಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟ.

ಸಮುದ್ರದಲ್ಲಿ ಆ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಇವತ್ತು ಒಂಬತ್ತು ಗಂಟೆಗೆ ನನ್ನ ಸಹಿಯೊಂದಿಗೆ ಕಂಬ ನಿಲ್ಲಿಸುವವರಿಗೆ ವರದಿ ಹೋಗುತ್ತದೆ. ತಡೆಯುತ್ತೇನೆ, ತಡೆಯಲೇಬೇಕು. ಆದರೆ ಯಾಕೆ ಹಾಗೆ ಮಾಡಿದೆ ಎಂದು ಗೋವರ್ಟ್ ಕೇಳುತ್ತಾನೆ. ಅದನ್ನು ಮೊದಲು ನಿನ್ನ ಹತ್ತಿರ ಬಾಯಿಬಿಟ್ಟು ಹೇಳಬೇಕು.

ಡೆಕ್ಕಿನ ಮೇಲೆ ಹಗ್ಗ ಹಿಡಿದೇ ಓಡಾಡು. ದೇವರು ನಿನ್ನನ್ನು ಕಾಯಲಿ.

ನಿನ್ನ
ನಿಂಕೆ

ಮರೆತ ಮಾತು: ಮರೆತದ್ದಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಶಿಶುವಿಹಾರದಿಂದ ಯಾವ ಫೋನೂ ಬರಲಿಲ್ಲ, ಯೆಲ್ತೆಗೆ ಜ್ವರವೂ ಇರಲಿಲ್ಲ. ಗಾಜಿನಾಚೆ ಆ ಗುಂಡಿ ಆಳವಾಗುತ್ತಲೇ ಇತ್ತು. ಇನ್ನೆರಡು ಗಂಟೆ ಅದನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಅದಕ್ಕೇ ತೂಬು ತೆರೆದದ್ದು. ಅಳತೆ ಬರೆದಿಟ್ಟು, ಎದ್ದು ಹೋಗಿ ಶಿಶುವಿಹಾರದ ಎದುರು ಸೈಕಲ್ ನಿಲ್ಲಿಸುವ ಚಪ್ಪರದಲ್ಲಿ ಕೂತೆ. ಒಳಗೆ ಹೋಗಲು ಕಾಲು ಬರಲಿಲ್ಲ. ಸಂಜೆ ಆರೂ ಹತ್ತಕ್ಕೆ ಅಲ್ಲಿಯವಳು ಹೊರಗೆ ಬಂದು, "ಇಲ್ಲೇ ಇದ್ದೀರಾ? ನಿಮ್ಮ ಮಗ ಒಬ್ಬನೇ ಉಳ್ಕೊಂಡಿದ್ದಾನೆ, ಕೋಟು ಹಾಕಿ ಮಲಗಿಸಿದ್ದೀವಿ," ಎಂದಳು. ಅವನೊಂದಿಗೆ ಒಬ್ಬಳೇ ಇರಲು ನನಗೆ ಭಯವಾಗುತ್ತದೆ, ಡೌವೆ. ನಾನು ಚೆನ್ನಾಗಿಲ್ಲ. ನಿನ್ನಮ್ಮನಿಗೆ ಹೇಳಲಾಗಲಿಲ್ಲ. ಯೆಲ್ತೆ ಬೆಳಿಗ್ಗೆ ಆರಕ್ಕೆ ಏಳುತ್ತಾನೆ. ಅಷ್ಟರೊಳಗೆ ಫೋನ್ ಮಾಡು. ಹಡಗಿನಲ್ಲಿ ಯಾರನ್ನಾದರೂ ಎಬ್ಬಿಸಿ ಫೋನ್ ಕೇಳಿಯಾದರೂ ಸರಿ, ಬೆಳಗಾಗುವ ಮೊದಲು ಫೋನ್ ಮಾಡು.