ಐವತ್ತನಾಲ್ಕು ಮೆಟ್ಟಿಲು ತೊಳೆಸಿದವರಿಗೆ

ವಸತಿ ಕಟ್ಟಡಗಳ ಉಸ್ತುವಾರಿ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದೆ. ಮಾನ ಕೊಡುವ ಮಾತು ಆಮೇಲೆ ನೋಡೋಣ. ಮೊದಲು ದೂರು. ಹತ್ತೊಂಬತ್ತು ದಿನದ ಹಿಂದೆ ನೀವು ಇಬ್ಬರು ಆಳುಗಳನ್ನು ಕಳಿಸಿ ನಮ್ಮ ಕಟ್ಟಡದ ಐವತ್ತನಾಲ್ಕು ಮೆಟ್ಟಿಲುಗಳನ್ನು ಉಜ್ಜಿ ಉಜ್ಜಿ ತೊಳೆಸಿದಿರಿ. ಅದರ ಜೊತೆಗೆ ನನ್ನ ಮೊಮ್ಮಗಳ ಓದೂ ತೊಳೆದುಹೋಯಿತು. ಅದನ್ನು ನೀವು ವಾಪಸು ಕೊಡುವ ತನಕ ನಾನು ನಿಮ್ಮನ್ನು ನೆಮ್ಮದಿಯಾಗಿ ಕೂರಲು ಬಿಡುವವನಲ್ಲ.

ನಾನು ಬೋರ್ಡು ಬರೆಯುವವನು. ಅಂಗಡಿ, ಆಸ್ಪತ್ರೆ, ಕಚೇರಿ, ಲಾರಿಯ ಹಿಂಭಾಗ, ಎಲ್ಲಕ್ಕೂ ನಲವತ್ತು ವರ್ಷ ಅಕ್ಷರ ಬರೆದ ಕೈ ಇದು. ಅಂಥವನ ಮೊಮ್ಮಗಳಿಗೆ ಎರಡನೇ ತರಗತಿಗೆ ಬಂದರೂ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಪುಸ್ತಕ ತೆಗೆದರೆ ಸಾಕು, ಹೊಟ್ಟೆನೋವು ಶುರು. “ಮನೇಲಿ ದಿನಾ ಸ್ವಲ್ಪ ಓದಿಸಿ, ಆದ್ರೆ ಹೆದರಿಸ್ಬೇಡಿ” ಎಂದರು ಟೀಚರಮ್ಮ. ಹೇಳುವುದು ಸುಲಭ. ನನ್ನ ಮಗಳು ಕೆಲಸದಿಂದ ಬಂದು ಪುಸ್ತಕ ಹಿಡಿದು ಕೂತರೆ ತಾಯಿ ಮಗಳು ಇಬ್ಬರೂ ಅಳುವುದೇ ಆಗುತ್ತಿತ್ತು.

ಆಗ ನನಗೆ ಹೊಳೆದದ್ದು ಮೆಟ್ಟಿಲು. ನಮ್ಮದು ಮೂರನೇ ಮಹಡಿ. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೆಂದು ನಿಮಗೇ ಗೊತ್ತಿರಬೇಕು. ಅದರ ಮೇಲೆ ನೀವು ಯಾವ ನೋಟಿಸನ್ನೂ ಅಂಟಿಸಲಿಲ್ಲ. ಹೇಗೂ ದಿನಾ ಹತ್ತಲೇಬೇಕಲ್ಲ, ಓದುತ್ತಾ ಹತ್ತಲಿ ಎಂದು ಸೀಮೆಸುಣ್ಣ ಹಿಡಿದೆ. ಮೆಟ್ಟಿಲಿಗೊಂದು ಪದ. ಕಾಲಿಡುವ ಕಡೆ ಬರೆದರೆ ಅಳಿಸಿಹೋಗುತ್ತದೆ, ಆದ್ದರಿಂದ ಮೆಟ್ಟಿಲಿನ ಎದುರುಮೈ ಮೇಲೆ, ಹತ್ತುವ ಮಗುವಿನ ಕಣ್ಣಿಗೆ ನೇರ ಕಾಣುವಂತೆ. ಕೆಳಗೆ ಮರ, ಸರ, ದನ. ಮೊದಲ ಮಹಡಿ ದಾಟಿದರೆ ಕಾಗುಣಿತ. ಎರಡನೆಯದು ದಾಟಿದರೆ ಅಕ್ಕ, ಬೆಟ್ಟ, ಹಕ್ಕಿ. ಎಲ್ಲಕ್ಕಿಂತ ಮೇಲೆ, ಐವತ್ತನೇ ಮೆಟ್ಟಿಲಿನಿಂದ, ಪ್ರಾಣಿ, ಚಂದ್ರ, ಇಂಥ ಕಷ್ಟದ ಪದಗಳು.

ತಪ್ಪಿದರೆ ಒಂದು ಮೆಟ್ಟಿಲು ಇಳಿಯಬೇಕು ಎಂಬ ನಿಯಮ ಮಾಡಿದ್ದು ಅವಳೇ. ನಾನಲ್ಲ. ಹೊಟ್ಟೆನೋವಿನ ಸುದ್ದಿಯೇ ಇಲ್ಲ! ವಾರದೊಳಗೆ ಅಕ್ಕಪಕ್ಕದ ಮನೆಯ ಮಕ್ಕಳೂ ಸೇರಿ ಹನ್ನೊಂದು ಜನರಾದರು. ಕೆಳಗಿನ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವರು, “ಅಜ್ಜಾ, ನಿಮ್ಮ ಒಂಬತ್ತನೇ ಮೆಟ್ಟಿಲು ಮಾಸಿದೆ, ತಿದ್ದಿ” ಎಂದು ನೆನಪಿಸುತ್ತಿದ್ದರು. ನನ್ನ ಮೊಮ್ಮಗಳು ನಲವತ್ತೇಳನೇ ಮೆಟ್ಟಿಲು ಮುಟ್ಟಿದ್ದಳು. ಇನ್ನು ಏಳೇ ಏಳು.

ಅಷ್ಟರಲ್ಲಿ ತಮ್ಮ ಸ್ವಚ್ಛತೆಯ ಕಾಳಜಿ ಉಕ್ಕಿ ಬಂತು. ಶಾಲೆಯಿಂದ ಬಂದ ಹುಡುಗಿ ಖಾಲಿ ಮೆಟ್ಟಿಲು ನೋಡಿಕೊಂಡು ಮೇಲೆ ಬಂದಳು. ನಮ್ಮ ಬಾಗಿಲಿಗೆ ನಿಮ್ಮ ನೋಟಿಸು ಅಂಟಿತ್ತು. ನಾನು ಚಿಲಕ ತೆಗೆಯುವಷ್ಟರಲ್ಲಿ ಅವಳು ಬೆರಳಿಟ್ಟು ಓದುತ್ತಿದ್ದಳು: “ಮೆಟ್ಟಿಲುಗಳನ್ನು ಕೊಳಕು ಮಾಡಿದವರು, ಮೂರನೇ ಮಹಡಿ, ಕೊನೆಯ ಮನೆ.” ಯಾರ ಸಹಾಯವೂ ಇಲ್ಲದೆ ಅವಳು ಹುಟ್ಟಿದಾರಭ್ಯ ಓದಿದ ಮೊದಲ ಸಾಲು ಇದು. ಓದಿ ನನ್ನತ್ತ ತಿರುಗಿ, “ಅಜ್ಜಾ, ಕೊಳಕು ಮಾಡಿದ್ದು ನಾನಾ?” ಎಂದಳು.

ಇದಕ್ಕೆ ಉತ್ತರ ನಿಮ್ಮ ಯಾವ ಫೈಲಿನಲ್ಲಿದೆ, ಹೇಳಿ? ಅವತ್ತಿನಿಂದ ಅವಳು ಗೋಡೆ ನೋಡಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಪುಸ್ತಕ ಕೊಟ್ಟರೆ “ಓದಿದ್ರೆ ಬೈತಾರೆ” ಎನ್ನುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ ಸ್ವಾಮಿ. ಆ ನೋಟಿಸಿನಲ್ಲಿ ನೀವು ಕೇಳಿದ ಕ್ಷಮಾಪಣೆ ಬರೆದುಕೊಡುವುದಿರಲಿ, ಮರುದಿನವೇ ನಿಮ್ಮ ಮೇಲೆ ನಿಮ್ಮ ಕಚೇರಿಗೇ ದೂರು ಬರೆದುಕೊಟ್ಟೆ. “ದೊಡ್ಡವರ ತಂಟೆ ನಮಗ್ಯಾಕಪ್ಪಾ” ಎಂದು ಮಗಳು ಅತ್ತಳು. ದೊಡ್ಡವರಂತೆ! ಸೀಮೆಸುಣ್ಣಕ್ಕೆ ಹೆದರಿದವರು ಯಾವ ಸೀಮೆಯ ದೊಡ್ಡವರು?

ದೂರಿಗೆ ಉತ್ತರ ಬರಲಿಲ್ಲ. ನಿನ್ನೆ ಶಾಲೆಗೆ ರಜೆ, ಮೊಮ್ಮಗಳ ಕೈ ಹಿಡಿದುಕೊಂಡು ನಾನೇ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಎದುರು ಎರಡು ಕುರ್ಚಿ ಖಾಲಿ ಇದ್ದವು. ಒಂದು ಗಂಟೆ ನಿಲ್ಲಿಸಿದಿರಿ. ಆಮೇಲೆ ತಲೆ ಎತ್ತದೆ ಅಪ್ಪಣೆ ಕೊಡಿಸಿದಿರಿ: “ಓದಿಸೋದಕ್ಕೆ ಶಾಲೆ ಇಲ್ವೇನ್ರಿ? ಮೆಟ್ಟಿಲು ಇರೋದು ಹತ್ತೋದಕ್ಕೆ.”

“ಹತ್ತಲಿ ಅಂತಾನೇ ಬರೆದಿದ್ದು ಸಾರ್” ಎಂದೆ. ನಿಮಗೆ ಕೇಳಿಸಲಿಲ್ಲ.

ಆದರೆ ನಿಮಗೆ ಕಾಣದ್ದೊಂದು ನಡೆಯುತ್ತಿತ್ತು. ಹುಡುಗಿ ನಿಮ್ಮ ತಲೆಯ ಮೇಲಿನ ಬೋರ್ಡು ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಹದಿನೆಂಟು ದಿನದಲ್ಲಿ ಮೊದಲ ಸಲ! ನನ್ನ ಅಂಗಿ ಜಗ್ಗಿ ಕೇಳಿದಳು: “ಅಜ್ಜಾ, ‘ದೂರು ಹೇಳಲು ಬಂದವರನ್ನು ಕೂರಿಸಿ ಮಾತನಾಡಿಸಲಾಗುವುದು’ ಅಂತ ಬರೆದಿದೆ. ಮತ್ತೆ ನಮ್ಮನ್ನ್ಯಾಕೆ ಕೂರಿಸಿಲ್ಲ?”

ಅದು ನಿಮಗೆ ಕೇಳಿಸಿತು. ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ, ಕಂಡು ಸಂತೋಷಪಟ್ಟೆ. “ಮಗೂನ ಯಾಕೆ ಕರ್ಕೊಂಡು ಬಂದ್ರಿ, ಹೊರಡಿ ಹೊರಡಿ” ಎಂದಿರಿ. ಹೊರಟೆವು. ದಾರಿಯುದ್ದಕ್ಕೂ ಅವಳು ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ, ಬಾರದ ಅಕ್ಷರ ಮಾತ್ರ ಹಾರಿಸಿ, ಓದಿಕೊಂಡು ಬಂದಳು. ಈ ಉಪಕಾರಕ್ಕೆ ಕೃತಜ್ಞನಾಗಿರಬೇಕಿತ್ತು. ಆದರೆ ನಾನು ಅಷ್ಟು ಒಳ್ಳೆಯವನಲ್ಲ.

ಈಗ ನನ್ನ ಬೇಡಿಕೆ. ಆ ನೋಟಿಸನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ನೀವು ನಿಮ್ಮ ಕೈಯಾರೆ ಬರೆಯಬೇಕು. ಬರೆಯುವುದು ನನಗಲ್ಲ, ಅವಳಿಗೆ. ‘ನೀನು ಕೊಳಕು ಮಾಡಿಲ್ಲ’ ಎಂಬ ಮಾತು ಅದರಲ್ಲಿರಬೇಕು. ಏಳು ವರ್ಷದ ಮಗು ಓದುವಂತೆ ದಪ್ಪ ಅಕ್ಷರ, ಸಣ್ಣ ಸಣ್ಣ ಪದ. ಐವತ್ತನಾಲ್ಕೂ ಮೆಟ್ಟಿಲು ನೀವೇ ಹತ್ತಿ ಬಂದು ಅದೇ ಬಾಗಿಲಿಗೆ ಅಂಟಿಸಬೇಕು. ಏದುಸಿರು ಬಂದರೆ ನಡುವೆ ಕೂತು ಸುಧಾರಿಸಿಕೊಳ್ಳಿ, ಮೆಟ್ಟಿಲಂತೂ ಶುಭ್ರವಾಗಿದೆ.

ಅವಸರವಿಲ್ಲ. ಬೋರ್ಡಿನ ಎರಡನೇ ಸಾಲು ಅವಳಿಗೆ ನಿನ್ನೆ ಓದಲಾಗಲಿಲ್ಲ. ಅದು ‘ಪ್ರತಿ’ ಎಂಬ ಪದದಿಂದ ಶುರುವಾಗುತ್ತದೆ. ಆ ಅಕ್ಷರ ಇದ್ದದ್ದು ಐವತ್ತನೇ ಮೆಟ್ಟಿಲ ಮೇಲೆ, ಅವಳು ಅಲ್ಲಿಗೆ ತಲುಪುವ ಮುಂಚೆಯೇ ನೀವು ತೊಳೆಸಿದಿರಿ. ನಾನು ನೋಡದೆಯೂ ಹೇಳಬಲ್ಲೆ: ‘ಪ್ರತಿ ದೂರಿಗೂ ಏಳು ದಿನದೊಳಗೆ ಉತ್ತರ ಕೊಡದಿದ್ದರೆ ಅಧಿಕಾರಿಯೇ ಹೊಣೆ.’ ಇವತ್ತು ಸಂಜೆಯಿಂದ ನಮ್ಮ ಬಾಗಿಲಿನ ಒಳಮೈ ಮೇಲೆ ಬರೆದು ಕಲಿಸುತ್ತೇನೆ. ಒಳಮೈ ನಿಮ್ಮ ಉಸ್ತುವಾರಿಗೆ ಬರುವುದಿಲ್ಲ, ವಿಚಾರಿಸಿಕೊಂಡಿದ್ದೇನೆ. ಸೋಮವಾರದ ಹೊತ್ತಿಗೆ ಅವಳಿಗೆ ಬಾಯಿಗೆ ಬಂದಿರುತ್ತದೆ. ಅವತ್ತು ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ, ಹನ್ನೊಂದು ಮಕ್ಕಳೂ ನಿಮ್ಮ ಮೇಜಿನ ಮುಂದೆ ನಿಂತು ಎರಡೂ ಸಾಲು ಗಟ್ಟಿಯಾಗಿ ಓದುತ್ತಾರೆ. ತಪ್ಪಿದರೆ ಮತ್ತೆ ಮೊದಲಿನಿಂದ. ಅವಳು ‘ಪ್ರ’ ಕಲಿಯುವುದರೊಳಗೆ ನಿಮ್ಮ ಉತ್ತರ ಬರಲಿ.

ಇಂತಿ,
ಕೊಳಕು ಮಾಡಿದವನು, ಮೂರನೇ ಮಹಡಿ, ಕೊನೆಯ ಮನೆ;
ಹನ್ನೆರಡು ವರ್ಷದ ಹಿಂದೆ ನಿಮ್ಮ ಕಚೇರಿಯ ಆ ಬೋರ್ಡು ಬರೆದವನೂ ಅವನೇ