ಭಾಗ್ಯಾಳ ಎಡಗೆನ್ನೆ

ಗೋಕಾಕ
16 ಜುಲೈ 2024

ಚಿ. ಸೌ. ಭಾಗ್ಯಾಳಿಗೆ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಹಾ ಮಾಡಿ ಕುಡಿಯುವುದನ್ನೇ ಮರೆಯುತ್ತೇನೆ. ಮೂಡಲಗಿಯಿಂದ ನೀನು ವಾಪಸು ಕಳಿಸಿದ ಹಾಳೆಗಳು ಮೇಜಿನ ಮೇಲೆಯೇ ಇವೆ. ಅಂಚಿನಲ್ಲಿ ನೀನು ಬರೆದದ್ದು ಇಷ್ಟೇ: "ಅಕ್ಕೋರ, ಇದು ನಾ ಹೇಳಿದ್ದಲ್ಲರಿ. ಹಿಂಗಿದ್ರ ನನ್ನ ಕಥಿ ಪುಸ್ತಕದಾಗ ಬ್ಯಾಡ್ರಿ."

ನಿವೃತ್ತಿಯಾದ ಮೇಲೆ ಮಂದಿ ಕಾಶಿಗೆ ಹೋಗುತ್ತಾರೆ, ನಾನು ಪುಸ್ತಕಕ್ಕೆ ಕೈ ಹಾಕಿದೆ. ಚಂದ ಕಾಣಲೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಮ್ಮ ಕಡೆಯ ಹೆಣ್ಣುಮಕ್ಕಳ ಅನುಭವ. "ಈ ವಯಸ್ಸಿನ್ಯಾಗ ನಿಮಗ್ಯಾಕ್ರಿ ಆ ಉಸಾಬರಿ" ಎಂದು ಓಣಿಯವರು ನಕ್ಕರು. ಆದರೂ ಬಸ್ಸು ಹತ್ತಿ ಊರೂರು ತಿರುಗಿದೆ. ಹುಕ್ಕೇರಿಯ ಕಾಶೆವ್ವ, ಓಲೆಯ ಭಾರಕ್ಕೆ ಹರಿದು ಜೋಲುತ್ತಿದ್ದ ಕಿವಿಯನ್ನು ಹೊಲಿಸಿಕೊಂಡಿದ್ದಳು. ನನ್ನ ಕೈ ಹಿಡಿದು ಅದನ್ನು ಮುಟ್ಟಿಸುವವರೆಗೂ ಬಿಡಲಿಲ್ಲ. ನೀನು ಮಾತ್ರ ಬ್ಲೌಸು ಹೊಲಿಯುತ್ತಲೇ, ತಲೆ ಎತ್ತದೆ ಹೇಳಿದೆ. ಎಡಗೆನ್ನೆಯ ಕಪ್ಪು ಹುಟ್ಟುಮಚ್ಚೆಯನ್ನು ಮೂವತ್ನಾಲ್ಕನೆಯ ವರ್ಷದಲ್ಲಿ ಬೆಳಗಾವಿಯಲ್ಲಿ ತೆಗೆಸಿದ್ದು, ಗಾಯ ಮಾಯುವವರೆಗೆ ಮಗಳು ಕನ್ನಡಿ ಬಚ್ಚಿಟ್ಟದ್ದು.

ಮನೆಗೆ ಬಂದು ನಾನು ಮೂವತ್ತಾರು ವರ್ಷ ಶಾಲೆಯಲ್ಲಿ ಮಾಡಿದ್ದನ್ನೇ ಮಾಡಿದೆ. ಕೆಂಪು ಪೆನ್ನು ಹಿಡಿದು ನಿನ್ನ ಮಾತನ್ನು ತಿದ್ದಿದೆ. "ನನಗ ಚಂದ ಕಾಣಬೇಕಂತ ಆಸೆ ಇತ್ರಿ, ಅದಕ್ಕ ಮಾಡಿಸಿದ್ನಿ" ಎಂದಿದ್ದೆ ನೀನು. "ಸಮಾಜದ ಒತ್ತಡಕ್ಕೆ ಮಣಿದೆ" ಎಂದು ಬರೆದೆ ನಾನು. ಹುಟ್ಟುಗುಣ ಸುಟ್ಟರೂ ಹೋಗದು. ನಿನ್ನ ಆಸೆಯೇ ನನಗೆ ತಪ್ಪಾಗಿ ಕಂಡಿತಲ್ಲ, ಅದಕ್ಕೆ ನಾಚಿಕೆಯಾಗುತ್ತಿದೆ ಭಾಗ್ಯಾ.

ಇನ್ನು ನೀನು ನನ್ನ ತರಗತಿಯಲ್ಲಿದ್ದಾಗಿನ ಏಳನೆಯ ಇಯತ್ತೆಯ ಫೋಟೊ. "ಎಲ್ಲಾರೂ ಮುಂದ ನೋಡ್ಯಾರ, ನನ್ನ ಮಾರಿ ಅಷ್ಟ ಬಾಜೂಕ ತಿರುಗೇತಿ. ಅವತ್ತಿಂದ ಫೋಟೊ ಅಂದ್ರ ಓಡಿ ಹೋಗತಿದ್ನಿ" ಎಂದಿದ್ದೆ. ಹಾಗೆ ನಿಲ್ಲಿಸಿದವರು ಯಾರೆಂದು ನೀನು ಹೇಳಲಿಲ್ಲ, ಸೂಜಿಗೆ ದಾರ ಪೋಣಿಸತೊಡಗಿದೆ. ನಾನೂ ಕೇಳಲಿಲ್ಲ. ಆ ಭಾಗವನ್ನೇ ಬಿಟ್ಟುಬಿಟ್ಟಿದ್ದೆ, ಈಗ ಸೇರಿಸಿದ್ದೇನೆ. ನಿನ್ನನ್ನು ತಿರುಗಿಸಿ ನಿಲ್ಲಿಸಿದವನು ಫೋಟೊ ತೆಗೆಯುವ ರಾಜಪ್ಪ ಎಂದು ಹೆಸರು ಸಮೇತ ಬರೆದಿದ್ದೇನೆ. ಅವನು ತೀರಿಕೊಂಡು ಹತ್ತು ವರ್ಷವಾಯಿತು, ಬೇಸರ ಮಾಡಿಕೊಳ್ಳಲು ಹಿಂದೆ ಮುಂದೆ ಯಾರೂ ಇಲ್ಲ.

ಹೊಸ ಪ್ರತಿ ಇದರ ಜೊತೆಗಿದೆ. ಉಳಿದ ಮಾತೆಲ್ಲ ನೀನು ಆಡಿದಂತೆಯೇ ಇದೆ. ನನ್ನ ಕೆಂಪು ಪೆನ್ನನ್ನೂ ಲಕೋಟೆಯಲ್ಲಿಟ್ಟಿದ್ದೇನೆ, ಈ ಸಲ ತಿದ್ದುವವಳು ನೀನು. ಒಪ್ಪಿಗೆಯಾದರೆ ಕಳಿಸು, ಇಲ್ಲವಾದರೆ ಹರಿದು ಒಲೆಗೆ ಹಾಕು. ನಿನ್ನ ಕಥೆಯಿಲ್ಲದೆ ಈ ಪುಸ್ತಕವನ್ನು ಅಚ್ಚಿಗೆ ಕೊಡಲು ನನಗೆ ಮನಸ್ಸಿಲ್ಲ.

ಇಂತಿ, ನಿನ್ನ ಉತ್ತರದ ದಾರಿ ಕಾಯುವ
ದ್ರಾಕ್ಷಾಯಿಣಿ ಅಕ್ಕೋರು

ತಾ.ಕ.: ಅಂಚೆ ಕಚೇರಿಯ ಬಾಗಿಲವರೆಗೆ ಹೋಗಿ ತಿರುಗಿ ಬಂದು ಲಕೋಟೆ ಒಡೆದಿದ್ದೇನೆ. ರಾಜಪ್ಪ ಪಾಪ, ಎಲ್ಲರಿಗೂ ಹೇಳಿದಂತೆ ನಿನಗೂ ಮುಂದೆ ನೋಡು ಎಂದಿದ್ದ. ಫೋಟೊವನ್ನು ಹೆಡ್ ಮಾಸ್ತರರ ಕೋಣೆಯಲ್ಲಿ ತೂಗುಹಾಕುತ್ತಾರೆ, ಬಂದವರೆಲ್ಲ ನೋಡುತ್ತಾರೆ ಎಂದು ಮಚ್ಚೆ ಕಾಣದಂತೆ ನಿನ್ನ ಗದ್ದ ಹಿಡಿದು ಆ ಕಡೆ ತಿರುಗಿಸಿದವಳು ನಾನು. ನಿನಗದು ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಕಥೆ ಕೇಳಲು ನಾನು ಬಂದ ದಿನ ಹೊಲಿಗೆ ಬಿಟ್ಟೆದ್ದು ನನಗೆ ಚಹಾ ಮಾಡಿ ಕೊಟ್ಟೆ. ಅವನ ಹೆಸರು ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಅದೊಂದನ್ನು ಮಾತ್ರ ತಿದ್ದಬೇಡ.