ಆಮೆವ್ಯೂಹಕ್ಕೆ ಬಿದ್ದ ಆಲೂಗಡ್ಡೆ

ಕ್ಸಾಂಟನ್, ಜರ್ಮನಿ, ಸೋಮವಾರ

ಮಾನ್ಯ ಫ್ರೌ ಫೆರ್‌ಹೂಫನ್ ಅವರಿಗೆ,

ಭಾನುವಾರ ಸದ್ದು ಮಾಡಬಾರದೆಂಬ ನಮ್ಮೂರ ನಿಯಮ ನನಗೂ ಗೊತ್ತು. ಹಳೆಯ ಯುದ್ಧಗಳನ್ನು ಆಡಿ ತೋರಿಸುವ ನಮ್ಮ ತಂಡ ನಿನ್ನೆ ನಿಮ್ಮ ಬಾಲ್ಕನಿಯ ಕೆಳಗೆ ರೋಮನ್ ಸೈನಿಕರ ವೇಷದಲ್ಲಿ ಕೂಗಾಡಿದ್ದಕ್ಕೆ ಕ್ಷಮೆಯಿರಲಿ. ಆದರೆ ನಾನು ಬರೆಯುತ್ತಿರುವುದು ನಿಮ್ಮ ಆಲೂಗಡ್ಡೆಗಳ ಬಗ್ಗೆ.

ಗುರಾಣಿಗಳನ್ನು ತಲೆಯ ಮೇಲೆ ಚಪ್ಪರದಂತೆ ಜೋಡಿಸಿ ನಡೆಯುವ ಆಮೆವ್ಯೂಹವನ್ನು ನಾವು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದೇವೆ. ಅದರ ಮೇಲೆ ಮನಸ್ಸಿಟ್ಟು ದಾಳಿ ಮಾಡಿದವರು ನೀವೇ ಮೊದಲು. "ರೋಮ್ ಬಿದ್ದು ಎಷ್ಟು ಕಾಲ ಆಯ್ತು, ನಿಮಗಿನ್ನೂ ಸುದ್ದಿ ಬಂದಿಲ್ವಾ?" ಎಂದು ಕೂಗುತ್ತ ನೀವು ಆಲೂಗಡ್ಡೆ ಎಸೆಯತೊಡಗಿದಾಗ, ನನ್ನ ಪಕ್ಕ ಬಗ್ಗಿದ್ದ ಔಷಧಿ ಅಂಗಡಿಯ ಡೆಟ್ಲೆಫ್, "ಶತ್ರು ಅಂದ್ರೆ ಹೀಗಿರ್ಬೇಕು ಕಣೋ!" ಎಂದು ಹಿಗ್ಗಿದ. ಮರುಕ್ಷಣವೇ ದೊಡ್ಡದೊಂದು ನನ್ನ ಎಡಗಡೆಯ ಸಂದಿಯಿಂದ ನುಗ್ಗಿ ಮೂಗಿಗೆ ಬಡಿಯಿತು.

ಆ ಸಂದಿ ನನ್ನ ಹೆಂಡತಿ ನಿಲ್ಲುತ್ತಿದ್ದ ಜಾಗ. ಹೋದ ವಸಂತದಲ್ಲಿ ಅವಳು ಎದುರಾಳಿಗಳಾದ ಜರ್ಮನ್ ಬುಡಕಟ್ಟಿನ ವೇಷದವರ ತಂಡಕ್ಕೆ, ಹಾಗೆಯೇ ಅದರ ನಾಯಕನ ಮನೆಗೆ, ಹೊರಟುಹೋದಳು. ಸಾಲು ಸರಿಯಾಗಿಯೇ ಇದೆ ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಇನ್ನು ಮುಂದೆ ಶನಿವಾರ ಬರುತ್ತೇವೆ. ದಯವಿಟ್ಟು ಹಸಿ ಆಲೂಗಡ್ಡೆಯನ್ನೇ ಎಸೆಯಿರಿ. ನಿನ್ನೆ ಕೊನೆಗೆ ನೀವು ಊಟಕ್ಕೆ ಬೇಯಿಸಿದ್ದನ್ನೂ ಬಿಡಲಿಲ್ಲ. ಅದು ಗುರಾಣಿಗೆ ಅಂಟಿಕೊಳ್ಳುತ್ತದೆ.

ಎಸೆದು ಕೈ ಸೋತರೆ ಕೆಳಗಿಳಿದು ಬನ್ನಿ. ನಮ್ಮಲ್ಲಿ ಒಂದು ಗುರಾಣಿ ಹೆಚ್ಚಿಗೆ ಇದೆ.

ನಿಮ್ಮ ಗುರಿಗೆ ಶರಣಾದ,
ಫೋಲ್ಕ್‌ಮಾರ್ ಟಿಲ್‌ಮನ್ಸ್
(ಮೂಗು ಊದಿದವನು)